ಸೋಮವಾರ ಖಾಲಿ ನಿಲ್ಲುವ ಟ್ರ್ಯಾಕ್ಟರುಗಳು

ನನ್ನ ಮೇಜಿನ ಮೇಲೆ ಎರಡು ಪರದೆಗಳಿದ್ದವು. ಎಡಗಡೆಯದರಲ್ಲಿ ರಾಯಚೂರು ಜಿಲ್ಲೆಯ ನಕಾಶೆ, ಅದರ ಮೇಲೆ ಊರಿಗೊಂದು ಚುಕ್ಕಿ. ನಮ್ಮ ಕಂಪನಿಯ ಇಂಟರ್ನೆಟ್ ಲೈನು ಆ ಊರಿನಲ್ಲಿ ಸರಿಯಾಗಿದ್ದರೆ ಚುಕ್ಕಿ ಹಸಿರು, ಕೆಟ್ಟಿದ್ದರೆ ಕೆಂಪು. ಬಲಗಡೆಯ ಪರದೆಯಲ್ಲಿ ದೂರುಗಳು. ಕೆಂಪನ್ನು ಹಸಿರು ಮಾಡಿಸುವುದು, ದೂರನ್ನು ಗೊತ್ತುಪಡಿಸಿದ ಸಮಯದೊಳಗೆ ಮುಚ್ಚುವುದು, ಇಷ್ಟೇ ನನ್ನ ಉದ್ಯೋಗ. ಐವತ್ತೈದು ತುಂಬಿದ ವರ್ಷ ಅದನ್ನು ಬಿಡುವ ಯೋಚನೆ ಶುರುವಾಯಿತು. ಬಿಡಲು ನನಗೆ ಧೈರ್ಯ ಬೇಕಾಗಿರಲಿಲ್ಲ. ಬಿಟ್ಟು ಮಾಡುವುದೇನು ಎಂಬುದು ಬೇಕಾಗಿತ್ತು.

ಮೊದಲು ಹೀಗಿರಲಿಲ್ಲ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಒಂದು ಚಿಕ್ಕ ಕೇಬಲ್ ಆಫೀಸಿಗೆ ಸೇರಿದಾಗ ನಾವು ಮೂರೇ ಜನ. ನಾವೇ ಮಾಳಿಗೆ ಹತ್ತುತ್ತಿದ್ದೆವು, ನಾವೇ ತಂತಿ ಎಳೆಯುತ್ತಿದ್ದೆವು. ಗಾಜಿನ ಎಳೆಯ ಕೇಬಲ್ಲು ಬಂದಾಗ, ಕೂದಲಿನಷ್ಟು ಸಣ್ಣ ಎಳೆಗಳೆರಡನ್ನು ಯಂತ್ರದಲ್ಲಿಟ್ಟು ಬೆಸೆಯುವುದನ್ನು ಕಲಿತೆ. ಬೆಸುಗೆ ಕೂಡಿದರೆ ಆ ಮನೆಯ ಟಿವಿ ಹತ್ತುತ್ತಿತ್ತು, ಮನೆಯವರು ಚಹಾ ಕೊಡುತ್ತಿದ್ದರು. ಆಮೇಲೆ ಚಿಕ್ಕ ಆಫೀಸನ್ನು ದೊಡ್ಡದು ನುಂಗಿತು, ದೊಡ್ಡದನ್ನು ಇನ್ನೂ ದೊಡ್ಡದು ನುಂಗಿತು. ಪ್ರತಿ ಸಲವೂ ನನ್ನನ್ನು ಒಂದು ಮೆಟ್ಟಿಲು ಮೇಲೆ ಕೂರಿಸಿದರು. ಕಡೆಗೆ ಉಳಿದದ್ದು ಎರಡನೆಯ ಮಹಡಿಯ ತಣ್ಣನೆಯ ಕೋಣೆ, ಗಾಲಿ ಇರುವ ಕುರ್ಚಿ, ಎರಡು ಪರದೆ.

ನಾನು ಹಾಸ್ಟೆಲ್ಲಿನಲ್ಲಿ ಬೆಳೆದವಳು. ಗಂಟೆಗೆ ಏಳಬೇಕು, ಗಂಟೆಗೆ ಉಣ್ಣಬೇಕು, ತಟ್ಟೆ ತೊಳೆದು ಒರೆಸಿ ಗೂಡಿನಲ್ಲಿ ಬೋರಲು ಹಾಕಬೇಕು. ನಮ್ಮ ವಾರ್ಡನ್ ಅಮ್ಮನವರು ಕಸ ಹೊಡೆದವಳನ್ನು ಎಂದೂ "ಹೊಡೆದಿಯಾ?" ಎಂದು ಕೇಳುತ್ತಿರಲಿಲ್ಲ. ಬರಿಗಾಲಿನಲ್ಲಿ ಕೋಣೆಯಲ್ಲಿ ಒಂದು ಸುತ್ತು ಹಾಕಿ ತಮ್ಮ ಅಂಗಾಲು ನೋಡಿಕೊಳ್ಳುತ್ತಿದ್ದರು. ಆ ಅಭ್ಯಾಸ ನನಗೂ ಹತ್ತಿಕೊಂಡಿತು. ಮಾಡಿದ್ದನ್ನು ಮುಟ್ಟಿ ನೋಡದೆ ಮುಗಿಯಿತು ಎನ್ನುವುದು ನನಗೆ ಬರುವುದಿಲ್ಲ.

ಪರದೆಯ ಕೆಲಸದಲ್ಲಿ ಮುಟ್ಟಿ ನೋಡಲು ಏನೂ ಇರಲಿಲ್ಲ. ನನ್ನ ಮೇಲಧಿಕಾರಿ ಬೆಂಗಳೂರಿನಲ್ಲಿ ಕೂಡುವ ತರುಣ. ಸಭ್ಯ, ಎಂದೂ ದನಿ ಏರಿಸಿದವನಲ್ಲ. ಆದರೆ ದೂರು ತೆರೆದೇ ಇದ್ದರೆ ಅವನ ವಾರದ ವರದಿ ಕೆಡುತ್ತಿತ್ತು.

"ಮೇಡಂ, ಫಸ್ಟ್ ಕ್ಲೋಸ್ ಮಾಡಿಬಿಡಿ. ಕಸ್ಟಮರ್ ಮತ್ತೆ ಕಾಲ್ ಮಾಡಿದ್ರೆ ಹೊಸದು ಓಪನ್ ಆಗುತ್ತೆ ಅಲ್ವಾ?"

"ಲೈನು ಇನ್ನೂ ಬಂದಿಲ್ಲಲ್ಲಪ್ಪ."

"ಲೈನ್ ಬರುತ್ತೆ ಮೇಡಂ. ಹೋದ ಟೈಮ್ ವಾಪಸ್ ಬರಲ್ಲ."

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವನ ವಾರದ ಸಭೆ. ಎಲ್ಲ ಜಿಲ್ಲೆಗಳವರೂ ಪರದೆಯ ಮೇಲೆ ಚೌಕ ಚೌಕವಾಗಿ ಕೂತಿರುತ್ತಿದ್ದೆವು. ಎಷ್ಟು ಮುಚ್ಚಿದಿರಿ ಎಂದು ಕೇಳುತ್ತಿದ್ದ. ಹೇಗೆ ಎಂದು ಯಾರೂ ಕೇಳುತ್ತಿರಲಿಲ್ಲ. ನನ್ನ ಚೌಕದಲ್ಲಿ ನನ್ನದೇ ಮುಖವನ್ನು ನೋಡಿ, ಈ ಹೆಂಗಸು ಇಲ್ಲೇಕೆ ಕೂತಿದ್ದಾಳೆ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು.

ನಮ್ಮ ಮನೆಯವರು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು. ಸಂಜೆ ನಾನು ಬಂದ ಕೂಡಲೇ "ಇವತ್ತ ಏನ್ ಮಾಡಿದಿ?" ಎಂದು ಕೇಳುವುದು ಅವರ ರೂಢಿ. ಅವರಿಗೆ ಹೇಳಲು ಒಂದು ಕಾಲದಲ್ಲಿ ನನ್ನ ಹತ್ತಿರ ಬೇಕಾದಷ್ಟಿತ್ತು. ಈಗ ಎಷ್ಟು ಹುಡುಕಿದರೂ ಒಂದು ವಾಕ್ಯ ಸಿಗುತ್ತಿರಲಿಲ್ಲ.

ಹೊಸ ಉದ್ಯೋಗದ ದಾರಿ ತೋರಿಸಿದ್ದು ಒಂದು ಇಲಿ. ನನ್ನ ತಮ್ಮನ ಹೊಲ ಮಾನ್ವಿಯಿಂದ ಮುಂದೆ, ಕಾಲುವೆಯ ಪಕ್ಕದಲ್ಲಿದೆ. ಅವನ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಮನೆಯ ಮುಂದೆ ನಾಲ್ಕು ಗಂಡಸರು ಅವನ ಟ್ರ್ಯಾಕ್ಟರನ್ನು ಹಿಂದಿನಿಂದ ತಳ್ಳುತ್ತಿದ್ದರು. ಕೀಲಿ ತಿರುವಿದರೆ ಅದು ಟಕ್ ಎಂದೂ ಅನ್ನುತ್ತಿರಲಿಲ್ಲ. ಮಾನ್ವಿಯ ಮಿಸ್ತ್ರಿ ಎರಡು ದಿನ ಬಿಟ್ಟು ಬರುತ್ತೇನೆಂದಿದ್ದನಂತೆ. ನಾನು ನಿಲ್ಲಿಸಲು ಹೇಳಿ ಸೀಟಿನ ಕೆಳಗೆ ತಲೆ ಹಾಕಿದೆ.

"ಅಕ್ಕಾ, ಸೀರಿ ಹೊಲಸಾಗ್ತದ ಬಿಡು."

"ಸೀರಿ ಒಗದ್ರಾತು. ಟಾರ್ಚ್ ಹಿಡಿ, ಅಲ್ಲಲ್ಲ, ಈ ಕಡಿ."

ಸೀಟಿನ ಕೆಳಗೆ ಇಲಿ ಭತ್ತದ ಹುಲ್ಲು ತಂದು ಸಂಸಾರ ಹೂಡಿತ್ತು. ಪಕ್ಕದಲ್ಲಿದ್ದ ಸಣ್ಣ ತಂತಿಯನ್ನು ಕಡಿದು ಹಾಕಿತ್ತು. ನನ್ನ ಚೀಲದಲ್ಲಿ ಸದಾ ಇರುವ ಇಕ್ಕಳದಿಂದ ತಂತಿ ಸುಲಿದು, ಕೂಡಿಸಿ, ಟೇಪು ಸುತ್ತಿದೆ. ತಮ್ಮ ಕೀಲಿ ತಿರುವಿದ. ಗಾಡಿ ಒಂದೇ ಏಟಿಗೆ ಎದ್ದು ಗುಡುಗಿತು. ತಳ್ಳುತ್ತಿದ್ದ ಗಂಡಸರು ಹಿಂದಕ್ಕೆ ಜಿಗಿದರು.

"ಆ ಇಲಿ ನಿನಗ ನೌಕರಿ ಕೊಟ್ಟಂಗ ಕಾಣ್ತದಲ್ಲ ಅಕ್ಕಾ," ಎಂದು ತಮ್ಮ ನಕ್ಕ.

ಅವನು ತಮಾಷೆಗೆ ಹೇಳಿದ್ದು. ನಾನು ಬಸ್ಸಿನಲ್ಲಿ ರಾಯಚೂರಿನವರೆಗೂ ಅದನ್ನೇ ಯೋಚಿಸುತ್ತ ಬಂದೆ. ಎಂಜಿನ್ ಬಿಚ್ಚುವ ಮಿಸ್ತ್ರಿಗಳು ನಮ್ಮ ಕಡೆ ಊರಿಗೊಬ್ಬರಿದ್ದಾರೆ. ವೈರಿಂಗ್ ಎಂದರೆ ಅವರಿಗೆ ಬೇಸರ. ಗಂಟುಗಂಟಾದ ತಂತಿಗಳನ್ನೆಲ್ಲ ಕಿತ್ತು ಬ್ಯಾಟರಿಯಿಂದ ಡೈರೆಕ್ಟ್ ಕೊಟ್ಟುಬಿಡುತ್ತಾರೆ. ಗದ್ದೆಯ ಕೆಸರು, ನೀರು, ಇಲಿ ಸೇರಿ ಮತ್ತೆ ಅದು ಕೆಡುತ್ತದೆ. ಕೆಟ್ಟ ಎಳೆ ಯಾವುದೆಂದು ತಾಳ್ಮೆಯಿಂದ ಹುಡುಕುವುದು ನಾನು ಮೂವತ್ತು ವರ್ಷ ಮಾಡಿದ ಕೆಲಸ. ಗಾಜಿನ ಎಳೆಯ ಬದಲು ತಾಮ್ರದ ಎಳೆ, ಅಷ್ಟೇ.

ಗೊತ್ತಿಲ್ಲದ್ದನ್ನು ಕಲಿಯಬೇಕಿತ್ತು. ರಾಯಚೂರಿನ ಒಬ್ಬ ಆಟೋ ಎಲೆಕ್ಟ್ರಿಷಿಯನ್ನರ ಅಂಗಡಿಗೆ ಆಫೀಸು ಮುಗಿಸಿ ಹೋಗತೊಡಗಿದೆ. ಅವರು ನನಗಿಂತ ಹಿರಿಯ ಸಾಹೇಬರು. "ಆಪಾ, ಮಂದಿ ಕರಿ ಎಣ್ಣಿ ಬಿಟ್ಟು ಕಂಪ್ಯೂಟರಿಗೆ ಹೋಗ್ತಾರ. ನೀವು ಉಲ್ಟಾ ಬಂದೀರಿ. ಖೈರ್, ಕೂಡ್ರಿ," ಎಂದು ಸ್ಟೂಲು ತೋರಿಸಿದರು. ಆ ಬೇಸಿಗೆಯೆಲ್ಲ ಅಲ್ಲಿ ಸ್ಟಾರ್ಟರ್ ಬಿಚ್ಚಿದೆ, ಡೈನಮೊ ಬಿಚ್ಚಿದೆ, ಮತ್ತೆ ಕೂಡಿಸಿದೆ. ಮನೆಗೆ ಬಂದರೆ ಹೇಳಲು ಮಾತುಗಳಿರುತ್ತಿದ್ದವು.

ಮನೆಯವರು ಕೇಳಿಸಿಕೊಂಡರು. ಒಂದು ದಿನ ರೊಟ್ಟಿ ಮುರಿಯುತ್ತ, "ಐವತ್ತೈದರಾಗ ಮಂದಿ ಕೆಲಸ ಬಿಡ್ತಾರ. ಹೊಸಾದು ಹಿಡಿಯಂಗಿಲ್ಲ," ಎಂದರು.

"ನನಗ ಇನ್ನೂ ಕೈ ನಡಗಂಗಿಲ್ಲ. ನಡಗಾಕ ಹತ್ತಿದ ಮ್ಯಾಲೆ ಹಿಡೀಲೇನು?"

"ಹಳ್ಯಾಗ ಹೆಣ್ಣಮಗಳ ಕೈಯಾಗ ಟ್ರ್ಯಾಕ್ಟರ್ ಕೊಡ್ತಾರ?"

"ಕೊಡ್ತಾರೋ ಇಲ್ಲೋ ನೋಡೂಣು. ಕೊಡದಿದ್ರ ಕುರ್ಚಿ ಎಲ್ಲಿ ಹೋಗ್ತದ, ಅಲ್ಲೇ ಇರ್ತದ."

ಹಾಗೆ ತೀರ್ಮಾನವಾಯಿತು. ಆ ಮುಂಗಾರು ಮುಗಿಯುವವರೆಗೆ ಪರೀಕ್ಷೆ. ನೌಕರಿ ಬಿಡದೆ, ರಜೆಯ ದಿನ ಹಳ್ಳಿಗೆ ಹೋಗಿ ಟ್ರ್ಯಾಕ್ಟರುಗಳ ವೈರಿಂಗ್ ನೋಡುವುದು. ಜನ ಕರೆದರೆ, ಮಾಡಿದ ಕೆಲಸ ಕೆಡದೆ ಉಳಿದರೆ, ಕುರ್ಚಿ ಬಿಡುವುದು. ಇಲ್ಲದಿದ್ದರೆ ನಿವೃತ್ತಿಯವರೆಗೆ ಬಾಯಿ ಮುಚ್ಚಿಕೊಂಡು ಅದರಲ್ಲೇ ಕೂಡುವುದು. ಭಾನುವಾರ ಎಂದು ಗೊತ್ತು ಮಾಡಿ ತಮ್ಮನಿಗೆ ತಿಳಿಸಿದೆ. ಅವನು ಸುತ್ತಲ ಊರುಗಳಿಗೆ ಸುದ್ದಿ ಮುಟ್ಟಿಸಿದ.

ಮೊದಲ ಭಾನುವಾರ ಮಾನ್ವಿಗೆ ಮೊದಲ ಬಸ್ಸಿಗೆ ಹೋದೆ. ಒಬ್ಬರೂ ಬರಲಿಲ್ಲ. ಎರಡನೆಯ ಭಾನುವಾರವೂ ಅಷ್ಟೇ. ತಮ್ಮನ ಕಟ್ಟೆಯ ಮೇಲೆ ಸಾಮಾನಿನ ಪೆಟ್ಟಿಗೆ ಇಟ್ಟುಕೊಂಡು ಮಧ್ಯಾಹ್ನದವರೆಗೆ ಕೂತೆ. ಮುಂದಿನ ರಸ್ತೆಯಲ್ಲಿ ಹೋಗುವ ಟ್ರ್ಯಾಕ್ಟರುಗಳ ದೀಪ ಇಲ್ಲ, ಹಾರ್ನ್ ಇಲ್ಲ, ತಂತಿಗಳು ಕರುಳಿನಂತೆ ಜೋತಾಡುತ್ತಿವೆ. ಯಾರೂ ನಿಲ್ಲಿಸುವುದಿಲ್ಲ. ನನಗೆ ಸಿಟ್ಟು ಬಂತು. ರಸ್ತೆಗಿಳಿದು ಒಬ್ಬನಿಗೆ ಕೈ ಅಡ್ಡ ಮಾಡಿದೆ.

"ಯಾಕಪ್ಪಾ, ನಿಂದು ಸೆಲ್ಫ್ ಹಿಡಿಯಂಗಿಲ್ಲ ಅಂತ ಕೇಳೀನಿ. ತೋರಸಂಗಿಲ್ಲೇನು?"

"ತೋರಸ್ತೀನ್ರೀ ಅಕ್ಕಾರ. ಈಗ ಬಂದ್ ಮಾಡಿದ್ರ ಮತ್ತ ತಳ್ಳಾಕ ಮಂದಿ ಬೇಕು. ಕಾಲುವಿ ನೀರು ಬಂದದ, ಕೆಸರು ಹೊಡ್ಯಾಕತ್ತೀನಿ. ಸೋಮಾರ ಬರ್ರಿ. ಸೋಮಾರ ಖಾಲಿ ನಿಂತಿರ್ತದ."

"ಸೋಮವಾರ ಯಾಕ?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಸೋಮಾರ ಹೂಡ್ತಾರೇನ್ರೀ?"

ಸೋಮವಾರ ನಮ್ಮ ತವರಿನಲ್ಲಿ ಎಂದೂ ಎತ್ತು ಹೂಡುತ್ತಿರಲಿಲ್ಲ. ಅದು ಬಸವಣ್ಣನ ವಾರ. ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ ಬಿಟ್ಟುಬಿಡುವುದನ್ನು ಹಾಸ್ಟೆಲ್ಲಿಗೆ ಸೇರುವ ಮುಂಚೆ ಕಂಡವಳು ನಾನು. ಎತ್ತು ಮಾರಿ ಟ್ರ್ಯಾಕ್ಟರ್ ಕೊಂಡ ಮೇಲೂ ಮನೆತನಗಳು ಆ ರಜೆಯನ್ನು ಟ್ರ್ಯಾಕ್ಟರಿಗೆ ದಾಟಿಸಿದ್ದವು. ತಮ್ಮನೂ ಹಾಗೆಯೇ ನಡೆಸುತ್ತಿದ್ದ. ಅವನು ಹೇಳಲಿಲ್ಲ, ಏಕೆಂದರೆ ಒಕ್ಕಲುತನದ ಮನೆಯ ಮಗಳಿಗೆ ಅದನ್ನು ಹೇಳಬೇಕಾಗುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ. ಆಫೀಸಿನ ವಾರ ನನ್ನ ರಕ್ತಕ್ಕೆ ಅಷ್ಟು ಇಳಿದುಹೋಗಿತ್ತು. ಊರೆಲ್ಲ ಸೋಮವಾರ ಬಿಡುವು ಮಾಡಿಕೊಂಡು ಕೂತರೆ, ನಾನು ಭಾನುವಾರ ಅಂಗಡಿ ತೆರೆದು ಗಿರಾಕಿ ಇಲ್ಲವೆಂದು ಸಿಟ್ಟಾಗಿದ್ದೆ.

ಪರೀಕ್ಷೆ ನಡೆಯಬೇಕಾದರೆ ಸೋಮವಾರ ಬೇಕು. ಸೋಮವಾರವೇ ಸಭೆ. ಮೇಲಧಿಕಾರಿಗೆ ಫೋನು ಮಾಡಿ ಸುತ್ತಿಬಳಸದೆ ಕೇಳಿದೆ. ಭಾನುವಾರ ನಾನು ಆಫೀಸು ನೋಡಿಕೊಳ್ಳುತ್ತೇನೆ, ಸೋಮವಾರ ಬಿಡುವು ಕೊಡು ಎಂದೆ.

"ಲೀವ್ ತಗೊಳ್ಳಿ ಮೇಡಂ, ನೋ ಪ್ರಾಬ್ಲಂ. ಆದ್ರೆ ಹತ್ತು ಗಂಟೆ ಕಾಲ್ ಮಾತ್ರ ಮಿಸ್ ಮಾಡೋ ಹಾಗಿಲ್ಲ. ಮೊಬೈಲ್‌ನಲ್ಲೇ ಜಾಯಿನ್ ಆಗಿ. ಎಲ್ಲಿದ್ರೂ ಓಕೆ."

ಒಂದು ಗಂಟೆಯ ಮಾತು. ಒಪ್ಪಿಕೊಂಡೆ.

ಆ ಸೋಮವಾರ ಹೋದದ್ದು ದೇವದುರ್ಗ ತಾಲ್ಲೂಕಿನ ಗೂಗಲ್‌ಗೆ. ಕೃಷ್ಣೆಯ ದಂಡೆಯ ಊರು. ತಮ್ಮನ ಹೆಂಡತಿಯ ಕಡೆಯ ನಂಟರೊಬ್ಬರು ಅಲ್ಲಿದ್ದಾರೆ, ನಲವತ್ತರ ಸುಮಾರಿನ ರೈತ. ಅವರ ಟ್ರ್ಯಾಕ್ಟರ್ ವಾರದಿಂದ ಸೆಲ್ಫ್ ಹಿಡಿಯದೆ, ರಾತ್ರಿ ದಿಬ್ಬದ ಮೇಲೆ ನಿಲ್ಲಿಸಿ ಬೆಳಿಗ್ಗೆ ಇಳಿಜಾರಿನಲ್ಲಿ ಬಿಟ್ಟು ಚಾಲೂ ಮಾಡುತ್ತಿದ್ದರು. ಬುಧವಾರಕ್ಕೆ ನಾಟಿ ಹಚ್ಚುವ ಆಳುಗಳನ್ನು ಹೇಳಿಟ್ಟಿದ್ದರು. ಮಂಗಳವಾರ ಗದ್ದೆ ಕೆಸರು ಮಾಡಿ ಮುಗಿಸಲೇಬೇಕು. ನಾನು ಬಸ್ಸಿನಿಂದ ಇಳಿದಾಗ ಅವರೇ ಬಂದು ಪೆಟ್ಟಿಗೆ ಹೊತ್ತುಕೊಂಡರು. ಕಟ್ಟೆಯ ಮೇಲೆ ಅವರ ತಾಯಿ, ಎಂಬತ್ತರ ಹತ್ತಿರದ ಅಜ್ಜಿ, ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮಿಸ್ತ್ರಿ ಬರ್ತಾನ ಅಂದಿ. ಇಕಿ ಯಾರೋ ಸಾಲಿ ಅಕ್ಕಾರು ಬಂದಾರ."

"ಇವ್ರೇ ಮಿಸ್ತ್ರಿ ಬೇ."

"ಹೌದಾ? ಹಂಗಾರ ಮೊದಲ ಚಾ ಕುಡೀಲಿ. ಗಂಡಸ ಮಿಸ್ತ್ರಿಗೊಳು ಮೊದಲ ಅಡಕಿ ಎಲಿ ಕೇಳ್ತಾವ."

ಕೆಲಸ ಶುರು ಮಾಡಿದೆ. ಮೊದಲು ಬ್ಯಾಟರಿಯ ಎರಡೂ ತಂತಿ ಬಿಚ್ಚಿದೆ, ಅದು ನನ್ನ ನಿಯಮ. ಕ್ಲಚ್ಚಿನ ಹತ್ತಿರ, ಸೆಲ್ಫಿಗೆ ಕರೆಂಟು ಬಿಡುವ ಒಂದು ಸ್ವಿಚ್ಚಿನ ತಂತಿ ಕೆಸರಿನಲ್ಲಿ ಕೊಳೆತು ಹೋಗಿತ್ತು. ಅದನ್ನು ಬದಲಿಸಿ, ಕೊಳವೆ ಹಾಕಿ, ಮೇಲಕ್ಕೆತ್ತಿ ಕಟ್ಟಿದೆ. ಹತ್ತು ಗಂಟೆಗೆ ಫೋನನ್ನು ಮಡ್‌ಗಾರ್ಡಿನ ಮೇಲೆ ಒರಗಿಸಿ ಸಭೆಗೆ ಸೇರಿದೆ. ಮೇಲಧಿಕಾರಿ ಜಿಲ್ಲೆ ಜಿಲ್ಲೆಯಾಗಿ ಓದುತ್ತ ಬಂದ.

"ರಾಯಚೂರು ಗುಡ್. ದೇವದುರ್ಗ ಸೈಡ್ ಫುಲ್ ಗ್ರೀನ್. ಗೂಗಲ್ ಪಂಚಾಯ್ತಿ ಕಂಪ್ಲೇಂಟ್ ಆಟೋ ಕ್ಲೋಸ್ ಆಗಿದೆ. ವೆರಿ ಗುಡ್ ಮೇಡಂ."

ರೈತರು ನನ್ನ ಮುಖ ನೋಡಿದರು. "ಪಂಚಾಯ್ತಿ ಇಂಟರ್ನೆಟ್ಟಾ? ಅದು ಬಂದ್ ಬಿದ್ದು ಯಾವ ಕಾಲ ಆತ್ರೀ. ಆ ಲೈನಿನ ಡಬ್ಬ್ಯಾಗ ಕಣಜದ ಹುಳ ಗೂಡು ಕಟ್ಯಾವ."

"ಗೂಗಲ್ ಹಸಿರಿಲ್ಲ," ಎಂದೆ ಫೋನಿಗೆ. "ನಾನು ಗೂಗಲ್‌ನಲ್ಲೇ ನಿಂತಿದ್ದೇನೆ."

"ಸಿಸ್ಟಂನಲ್ಲಿ ಗ್ರೀನ್ ತೋರಿಸ್ತಿದೆ ಮೇಡಂ."

"ಸಿಸ್ಟಂನಲ್ಲಿ ಹುಳ ಕಾಣುವುದಿಲ್ಲ."

ಚೌಕಗಳಲ್ಲಿ ಕೆಲವರು ನಕ್ಕರು. ಅವನು ಸಭ್ಯವಾಗಿಯೇ ಮಾನ್ವಿಯ ಅಂಕಿಗಳನ್ನು ಕೇಳಿದ. ನಾನು ಸಿಟ್ಟಿನಿಂದ ಅಂಕಿ ಹೇಳುತ್ತ, ಕೈಯಿಂದ ಬ್ಯಾಟರಿಯ ತಂತಿ ಹಾಕುತ್ತಿದ್ದೆ. ಆ ಬ್ಯಾಟರಿಯನ್ನು ಯಾರೋ ತಿರುಗಿಸಿ ಕೂರಿಸಿದ್ದರು. ಎರಡೂ ತಂತಿ ಕೆಸರು ಮೆತ್ತಿ ಒಂದೇ ಬಣ್ಣವಾಗಿದ್ದವು. ಒರೆಸಿ, ಕೂಡಿಸುವ ಹಾಗೂ ಕಳೆಯುವ ಗುರುತು ನೋಡಿ ಹಾಕುವುದು ಮಿಸ್ತ್ರಿಯ ಮೊದಲ ಪಾಠ. ನಾನು ಕೈಗೆ ಹತ್ತಿರವಾದದ್ದನ್ನು ಹತ್ತಿರದ್ದಕ್ಕೆ ಹಾಕಿದೆ. ಚಟ್ ಎಂದು ಕಿಡಿ ಹಾರಿತು. ಡೈನಮೊದಿಂದ ಸಣ್ಣಗೆ ಹೊಗೆ ಎದ್ದಿತು.

ಕೂಡಲೇ ತಂತಿ ಕಿತ್ತೆ. ಆದರೆ ಆಗುವುದು ಆಗಿಹೋಗಿತ್ತು. ಡೈನಮೊದ ಒಳಗಿನ ಡಯೋಡುಗಳು ಸುಟ್ಟಿದ್ದವು. ಬಂದಾಗ ಒಂದು ಸಣ್ಣ ತಂತಿ ಕೆಟ್ಟಿದ್ದ ಗಾಡಿಯನ್ನು ನಾನು ಇನ್ನಷ್ಟು ಕೆಡಿಸಿದ್ದೆ. ಫೋನಿನಲ್ಲಿ ಮೇಲಧಿಕಾರಿ "ಮೇಡಂ, ಮಾನ್ವಿ ನಂಬರ್ ರಿಪೀಟ್ ಮಾಡ್ತೀರಾ?" ಎನ್ನುತ್ತಿದ್ದ. ನಾನು ಫೋನು ತೆಗೆದುಕೊಂಡು ಸಭೆಯಿಂದ ಹೊರಗೆ ಬಂದೆ. ಅಷ್ಟು ವರ್ಷಗಳಲ್ಲಿ ಅದೇ ಮೊದಲು.

ರೈತರಿಗೆ ಮುಚ್ಚಿಡಲಿಲ್ಲ. "ನನ್ನ ಕೈಲೆ ತಪ್ಪಾಗ್ಯದ. ತಂತಿ ಅದಲುಬದಲು ಹಾಕೀನಿ. ಚಾರ್ಜ್ ಕೊಡೋ ಭಾಗ ಸುಟ್ಟದ. ಹೊಸಾದು ತಂದು ಹಾಕ್ತೀನಿ, ಅದು ನನ್ನ ಮ್ಯಾಲಿರಲಿ," ಎಂದೆ.

ಅವರು ಬಗ್ಗಿ ಡೈನಮೊ ಮುಟ್ಟಿ ನೋಡಿದರು. "ನಾಳಿ ಹೊತ್ತು ಹುಟ್ಟೂದ್ರಾಗ ಆಗ್ತದೇನ್ರೀ?"

"ಆಗ್ಬೇಕು."

ಅವರ ಮೋಟಾರ್ ಸೈಕಲ್ಲಿನ ಹಿಂದೆ ಕೂತು ದೇವದುರ್ಗಕ್ಕೆ ಹೋದೆವು. ಡಯೋಡುಗಳನ್ನು ಕೂರಿಸಿದ ತಟ್ಟೆ ಬೇಕಿತ್ತು, ಮೊದಲ ಅಂಗಡಿಯಲ್ಲಿ ಇರಲಿಲ್ಲ. ಎರಡನೆಯವನು ಬೇರೆ ಕಂಪನಿಯದನ್ನು ಕೊಟ್ಟು "ಕೂಡ್ತದ ಹಾಕ್ರಿ" ಎಂದ. ತೂತುಗಳ ಅಳತೆ ನೋಡಿ ಬೇಡವೆಂದೆ. ಬಸ್ ನಿಲ್ದಾಣದ ಹಿಂದಿನ ಹಳೆ ಅಂಗಡಿಯಲ್ಲಿ ಸರಿಯಾದದ್ದು ಸಿಕ್ಕಿತು. ದಾರಿಯುದ್ದಕ್ಕೂ ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು. ಮರಳಿ ಬಂದು ಡೈನಮೊ ಇಳಿಸಿ, ಸುಟ್ಟ ತಟ್ಟೆ ತೆಗೆದು, ಹೊಸದು ಕೂರಿಸಿ, ಮೇಲಕ್ಕೇರಿಸಿದೆ. ಈ ಸಲ ಬ್ಯಾಟರಿಯ ತಂತಿಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಒಂದಕ್ಕೆ ಕೆಂಪು ಟೇಪು ಸುತ್ತಿ, ಬಾಯಿಬಿಟ್ಟು ಹೇಳಿಕೊಳ್ಳುತ್ತ ಹಾಕಿದೆ. ಹೊತ್ತು ಇನ್ನೂ ಹೊಳೆಯ ಆಚೆ ಇಳಿದಿರಲಿಲ್ಲ. ರಾಯಚೂರಿನ ಸಂಜೆಯ ಬಸ್ಸಿಗೆ ಸಮಯವಿತ್ತು.

"ಕೀಲಿ ತಿರುವ್ರಿ," ಎಂದೆ.

"ತಡೀರಿ!" ಕಟ್ಟೆಯ ಮೇಲಿನಿಂದ ಕೂಗು ಬಂತು. ಅಜ್ಜಿ ಕೋಲೂರಿಕೊಂಡು ಎದ್ದು ನಿಂತಿದ್ದರು. "ಸೋಮಾರ ಚಾಲೂ ಮಾಡಂಗಿಲ್ಲ."

"ಯವ್ವಾ, ದುಡಸೂದಲ್ಲಬೇ. ಬರೇ ಚಾಲೂ ಮಾಡಿ ನೋಡೂದು."

"ಎತ್ತಿನ ಹೆಗಲಿಗಿ ನೊಗ ಇಟ್ಟು ಬರೇ ನೋಡ್ತೀನಿ ಅಂತಿಯೇನು?"

"ಅಜ್ಜಿ, ಮುಂಜಾನಿಂದ ಬಿಚ್ಚಾಕತ್ತೀನಿ, ಅದಕ್ಕ ಬ್ಯಾಡ ಅನ್ನಲಿಲ್ಲಲ್ಲ," ಎಂದೆ ನಾನು.

"ಅದು ಬ್ಯಾರೆ ತಂಗಿ. ಜಡ್ಡ ಬಂದ್ರ ಔಷಧಕ್ಕ ಸೋಮಾರ ಮಂಗಳಾರ ಇಲ್ಲ. ಹೊಟ್ಟಿ ಕೊಯ್ದು ಹೊಲಿ, ಯಾರು ಬ್ಯಾಡಂತಾರ? ಆದ್ರ ಎಬ್ಬಿಸಬ್ಯಾಡ. ವಾರಕ್ಕೊಂದು ದಿನ ಮಲಗತದ, ಮಲಗಲಿ."

ಮಗ ನನ್ನತ್ತ ನೋಡಿ ಕೈಚೆಲ್ಲಿದರು. "ನೀವು ಹೋಗ್ರಿ ಅಕ್ಕಾರ. ನಾಳಿ ಚಾಲೂ ಮಾಡಿ ಫೋನ್ ಹಚ್ತೀನಿ."

ಟ್ರ್ಯಾಕ್ಟರಿನ ಮುಂದಿನ ಫಲಕದಲ್ಲಿ ಒಂದು ಪುಟ್ಟ ಕೆಂಪು ದೀಪ ಇರುತ್ತದೆ. ಕೀಲಿ ತಿರುವಿದಾಗ ಅದು ಹತ್ತುತ್ತದೆ. ಎಂಜಿನ್ ಎದ್ದು ಡೈನಮೊ ಚಾರ್ಜು ಕೊಡತೊಡಗಿದರೆ ಆರುತ್ತದೆ. ಎಂಜಿನ್ ಓಡದೆ, ನಾನು ಹಾಕಿದ್ದು ಸರಿಯೋ ತಪ್ಪೋ ತಿಳಿಯುವ ದಾರಿ ಬೇರೆ ಇರಲಿಲ್ಲ. ಬಸ್ಸು ಹತ್ತಿ ಹೋಗಬಹುದಿತ್ತು. ಅವರ ಫೋನು ಬಂದರೆ ಬಂತು. ಕೆಟ್ಟರೆ ಮತ್ತೊಂದು ಸೋಮವಾರ ಇದ್ದೇ ಇತ್ತು. ಮೊದಲು ಮುಚ್ಚಿಬಿಡಿ, ಆಮೇಲೆ ನೋಡೋಣ ಎಂದಂತೆಯೇ ಆಗುತ್ತಿತ್ತು.

"ನಾನು ಹೋಗಂಗಿಲ್ಲ," ಎಂದೆ. "ಒಂದು ಚಾಪಿ ಕೊಡ್ರಿ."

ಮನೆಗೆ ಫೋನು ಮಾಡಿ ತಿಳಿಸಿದೆ. "ನಾಳಿ ಆಫೀಸು?" ಎಂದರು ಮನೆಯವರು. ಬೆಳಗಿನ ಮೊದಲ ಬಸ್ಸಿಗೆ ನೇರವಾಗಿ ಹೋಗುತ್ತೇನೆ ಎಂದೆ. ಆ ರೈತರ ಹೆಂಡತಿ ಬಿಸಿ ರೊಟ್ಟಿ, ಪುಂಡಿಪಲ್ಯ ಕೊಟ್ಟರು. ಅಜ್ಜಿ ನನಗೆ ತಮ್ಮ ಕೌದಿಯನ್ನೇ ಹಾಸಿದರು. ನಾನು ಉಳಿದೆನೆಂದಲ್ಲ, ತಮ್ಮ ಮಾತು ನಡೆಯಿತೆಂಬ ಸಂತೋಷಕ್ಕೆ.

ಬೆಳಕು ಹರಿಯುತ್ತಲೇ ಅಜ್ಜಿ ಟ್ರ್ಯಾಕ್ಟರಿನ ಮೂತಿಗೆ ನೀರು ಚಿಮುಕಿಸಿ ವಿಭೂತಿ ಎಳೆದರು. "ಹೂಂ, ಈಗ ಎಬ್ಬಿಸ್ರಿ." ಮಗ ಕೀಲಿ ತಿರುವಿದರು. ಸೆಲ್ಫ್ ಹಿಡಿಯಿತು. ಒಂದು ಸಲ ನರಳಿ, ಎರಡನೆಯದಕ್ಕೆ ಎಂಜಿನ್ ಎದ್ದಿತು. ಮಗ ಕೈ ಮೇಲೆತ್ತಿ ನಕ್ಕರು. ನಾನು ಫಲಕ ನೋಡಿದೆ. ಕೆಂಪು ದೀಪ ಆರಿರಲಿಲ್ಲ. ಮಂದವಾಗಿತ್ತು, ಆದರೆ ಹತ್ತಿಯೇ ಇತ್ತು.

"ನಡೀತೈತಲ್ರೀ, ಸಾಕು ಬಿಡ್ರಿ," ಎಂದರು. "ಇವತ್ತಿನ ಕೆಸರು ಆಗ್ತದ."

"ಇವತ್ತ ಆಗ್ತದ. ಬ್ಯಾಟರಿ ಇಳೀತಂದ್ರ ನಾಳಿ ಮತ್ತ ದಿಬ್ಬ ಹತ್ತಿಸ್ತೀರಿ. ಬಂದ್ ಮಾಡ್ರಿ."

ಊರ ಬಾಗಿಲಲ್ಲಿ ಬಸ್ಸಿನ ಹಾರ್ನ್ ಕೇಳಿತು. ಅದೇ ಮೊದಲ ಬಸ್ಸು. ಅದು ತಪ್ಪಿದರೆ ಆಫೀಸಿನ ವೇಳೆಗೆ ರಾಯಚೂರು ಮುಟ್ಟಲಾಗದು. ಹೇಳದೆ ಕೇಳದೆ ನಾನು ಕೆಲಸಕ್ಕೆ ತಪ್ಪಿಸಿಕೊಂಡವಳಲ್ಲ. ಜ್ವರ ಬಂದಾಗಲೂ ಹಿಂದಿನ ದಿನವೇ ತಿಳಿಸಿದವಳು.

"ಅಕ್ಕಾರ, ಬಸ್ಸು! ಕೈ ಮಾಡ್ಲೇನು?"

ನನ್ನ ತಲೆ ಆಗಲೇ ಎಂಜಿನ್ನಿನ ಪಕ್ಕದಲ್ಲಿತ್ತು. "ಹೋಗ್ಲಿ ಬಿಡ್ರಿ. ಹತ್ತರ ಪಾನಾ ಕೊಡ್ರಿ, ಬೋಲ್ಟ್ ಬಿಚ್ಚಬೇಕು."

ಡೈನಮೊದ ಹಿಂದಿನ ಒಂದು ಬೋಲ್ಟಿನ ಕೆಳಗೆ ಹಳೆಯ ಬಣ್ಣದ ಚೂರು ಸಿಕ್ಕಿಕೊಂಡು ತಂತಿಯ ಉಂಗುರ ಲೋಹಕ್ಕೆ ಸರಿಯಾಗಿ ಕೂತಿರಲಿಲ್ಲ. ಉಜ್ಜುಕಾಗದದಿಂದ ತಿಕ್ಕಿ ಹೊಳಪು ಬರಿಸಿ ಬಿಗಿ ಮಾಡಿದೆ. ಬಸ್ಸು ನಮ್ಮ ಮುಂದಿನಿಂದಲೇ ಹೋಯಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ತಿರುವ್ರಿ," ಎಂದೆ. ಎಂಜಿನ್ ಎದ್ದಿತು. ದೀಪ ಒಮ್ಮೆ ಮಿನುಗಿ ಆರಿತು. ದೀಪವನ್ನು ನಂಬದೆ ಮೀಟರು ಹಿಡಿದು ಬ್ಯಾಟರಿಯ ಮೇಲೂ ನೋಡಿದೆ. ಚಾರ್ಜು ಬರುತ್ತಿತ್ತು.

ಅವರು ಗದ್ದೆಗೆ ಹೊರಟರು. ನಾನು ಕಟ್ಟೆಯ ಮೇಲೆ ಕೂತು ಸೋಪಿನ ಪುಡಿಯಿಂದ ಕೈ ತೊಳೆದೆ. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಅಜ್ಜಿ ಚಹಾ ಇಟ್ಟು, "ಬಸ್ಸ ಬಿಟ್ಟಿ. ನಿನ್ನ ಸಾಹೇಬ ಬೈತಾನೇನು?" ಎಂದರು.

"ಬೈಯಂಗಿಲ್ಲ. ಭಾಳ ಮರ್ಯಾದಸ್ತ ಹುಡುಗ. ನೌಕರಿ ಬಿಡ್ತೀನಂದ್ರೂ ಬೈಯಂಗಿಲ್ಲ."

"ಹಂಗಾರ ಬಿಟ್ಟು ಬರೂದು ಕಷ್ಟ ಬಿಡು," ಎಂದರು ಅಜ್ಜಿ.

ಆಫೀಸು ತೆರೆಯುವ ಮೊದಲೇ ಮೇಲಧಿಕಾರಿಗೆ ಫೋನು ಮಾಡಿದೆ. ಅವನು ನಿನ್ನೆ ಲೈನು ಕಡಿದುಹೋಯಿತೇ ಎಂದು ಕೇಳಿದ. ನಾನೇ ಕಡಿದೆ ಎಂದೆ. ಕೆಲಸ ಬಿಡುತ್ತಿದ್ದೇನೆ ಎಂದೂ ಹೇಳಿದೆ.

"ಮೇಡಂ, ಮಂಡೇ ಕಾಲ್ ಪ್ರಾಬ್ಲಂ ಅಂದ್ರೆ ಟ್ಯೂಸ್ಡೇ ಮಾಡೋಣ. ನಿಮಗೋಸ್ಕರ ಚೇಂಜ್ ಮಾಡ್ತೀನಿ. ಇದಕ್ಕೆಲ್ಲ ರಿಸೈನ್ ಮಾಡ್ತಾರಾ?"

ನಿಜವಾಗಿಯೂ ಅವನು ಬದಲಿಸುತ್ತಿದ್ದ. ಅದರಿಂದಲೇ ಒಂದು ಕ್ಷಣ ತಡೆದೆ. ಸಂಬಳ, ತಣ್ಣನೆಯ ಕೋಣೆ, ಮಳೆಗಾಲದಲ್ಲಿ ಒದ್ದೆಯಾಗದ ಕಾಲು, ಎಲ್ಲ ಕಣ್ಣ ಮುಂದೆ ಬಂದವು. ಹಿಂದಿನ ದಿನ ನನ್ನ ಕೈಯಿಂದಲೇ ಒಬ್ಬರ ಡೈನಮೊ ಸುಟ್ಟಿತ್ತು. ಆದರೂ ಅದನ್ನು ಸುಟ್ಟವಳೂ ನಾನೇ, ಸರಿ ಮಾಡಿದವಳೂ ನಾನೇ. ಎರಡೂ ನನ್ನ ಕಣ್ಣೆದುರಿಗೇ ಆದದ್ದು. ಪರದೆಯ ಮುಂದೆ ಕೂತು ಎಷ್ಟೋ ವರ್ಷ ನನಗೆ ತಪ್ಪೂ ಸಿಕ್ಕಿರಲಿಲ್ಲ, ಸರಿಯೂ ಸಿಕ್ಕಿರಲಿಲ್ಲ.

"ವಾರ ಬದಲಿಸಬೇಡಪ್ಪ. ಬೇರೆಯವರಿಗೆ ತೊಂದರೆ," ಎಂದೆ. "ನಾಳೆ ಬಂದು ಮೊದಲು ಗೂಗಲ್‌ನ ಚುಕ್ಕಿಯನ್ನು ಕೆಂಪು ಮಾಡುತ್ತೇನೆ. ಕಾರಣ ಬರೆಯುತ್ತೇನೆ. ಲೈನ್‌ಮನ್ನನ್ನು ಕಳಿಸಿ ಹುಳ ಓಡಿಸುತ್ತೇನೆ. ಆಮೇಲೆ ರಾಜೀನಾಮೆ ಕಳಿಸುತ್ತೇನೆ."

"ಕೆಂಪು ಮಾಡಿದ್ರೆ ನಿಮ್ಮ ಲಾಸ್ಟ್ ಮಂತ್ ರಿಪೋರ್ಟ್ ಹಾಳಾಗುತ್ತೆ ಮೇಡಂ."

"ಹಾಳಾಗಲಿ."

ಮಧ್ಯಾಹ್ನದ ಬಸ್ಸಿಗೆ ರಾಯಚೂರಿಗೆ ಬಂದೆ. ಮನೆಯವರು ಬಾಗಿಲು ತೆರೆದು ನನ್ನ ಉಗುರು ನೋಡಿದರು, ಮುಖ ನೋಡಿದರು. "ಬಿಟ್ಟಿ?" ಎಂದರು. "ಬಿಟ್ಟೆ," ಎಂದೆ. "ಛೊಲೋ ಆತು. ಮೊದಲ ಜಳಕ ಮಾಡು, ಡೀಸೆಲ್ ನಾರಾಕತ್ತದ," ಎಂದು ನೀರು ಕಾಯಿಸಲು ಹೋದರು.

ರಾಜೀನಾಮೆಯ ನಂತರ ಕಂಪನಿಯ ನಿಯಮದಂತೆ ಇನ್ನಷ್ಟು ದಿನ ಕೆಲಸ ಮಾಡಿಕೊಡಬೇಕಿತ್ತು. ಒಂದು ದಿನವೂ ತಡವಾಗಿ ಹೋಗಲಿಲ್ಲ. ನನ್ನ ಜಾಗಕ್ಕೆ ಬಂದವಳಿಗೆ ಎರಡೂ ಪರದೆ ಕಲಿಸಿಕೊಟ್ಟೆ. ಚುಕ್ಕಿ ಹಸಿರಾದಾಗ ಆ ಊರಿನ ಒಬ್ಬರಿಗಾದರೂ ಫೋನು ಮಾಡಿ ಕೇಳು ಎಂದು ಹೇಳಿದೆ. ಅವಧಿಯನ್ನು ಪೂರ್ತಿ ಮಾಡಿಯೇ ಹೊರಬಿದ್ದೆ, ಸೋಮವಾರಗಳಿಗೆ ಮಾತ್ರ ರಜೆ ಹಾಕಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾನು ಮಾನ್ವಿಯ ಕಡೆಯೋ ದೇವದುರ್ಗದ ಕಡೆಯೋ ಯಾರದೋ ಅಂಗಳದಲ್ಲಿ, ಬಿಡುವಿನಲ್ಲಿ ನಿಂತ ಒಂದು ಟ್ರ್ಯಾಕ್ಟರಿನ ಕೆಳಗೆ ಇರುತ್ತಿದ್ದೆ. ಫೋನು ಚೀಲದೊಳಗೆ ಇರುತ್ತಿತ್ತು.